ಮುಂದ ಹೊಂಟಾತ ನಿನಗೇನಾಗಬೇಕು?

ನಮ್ಮ ಸಣ್ಣ ಮಾವನಿಗೆ ಇದ್ದಷ್ಟು ನೆಂಟರು ನಮ್ಮ ಸೀಮೆಯಲ್ಲಿ ಮತ್ಯಾರಿಗೂ ಇರಲಿಕ್ಕಿಲ್ಲ. ಉತ್ಪ್ರೇಕ್ಷೆ ಎಂದು ನೀವು ನಗಬಹುದು. ನಗಿರಿ! ಆದರೆ ಕೊಟ್ಟೂರಿನಿಂದ ಹಡಗಲಿಯವರೆಗೆ ರಸ್ತೆಯ ಮೇಲೆ ನಡೆಯುವ, ಓಡುವ, ಸೈಕಲ್ ತುಳಿಯುವ, ಸುಮ್ಮನೆ ನಿಂತು ಬೀಡಿ ಸೇದುವ ಪ್ರತಿಯೊಬ್ಬರೂ ಅವನಿಗೆ ಅಜ್ಜನೋ, ಕಾಕಾನೋ, ಅಳಿಯನೋ ಆಗಿದ್ದರು. ಮನುಷ್ಯರ ಮಾತು ಹಾಗಿರಲಿ, ರಸ್ತೆಗೆ ಅಡ್ಡ ಮಲಗಿದ ಎಮ್ಮೆಗೂ ಅವನ ಬಳಗದಲ್ಲಿ ಜಾಗವಿತ್ತು. ಇಷ್ಟು ದೊಡ್ಡ ಬಳಗದ ಮನುಷ್ಯ ಒಬ್ಬ ಖಾಸಾ ನೆಂಟನನ್ನು ಮಾತ್ರ ಬಿಟ್ಟುಬಿಟ್ಟಿದ್ದ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸಣ್ಣ ಮಾವ ಎಂದರೆ ನನ್ನ ಅವ್ವನ ತಮ್ಮ. ಕೊಟ್ಟೂರಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸ್ಕೂಲ್ ಎಂದರೆ ಬಹಳ ಕಲ್ಪನೆ ಮಾಡಿಕೊಳ್ಳಬೇಡಿ. ಮಂಡಕ್ಕಿ-ಮಿರ್ಚಿ ಅಂಗಡಿಯ ಪಕ್ಕದ ಒಂದು ತಗಡಿನ ಬೋರ್ಡು, ಅದರ ಕೆಳಗೆ ಒಂದು ಬಿಳಿ ಕಾರು, ಕಾರಿಗೆ ಒರಗಿ ನಿಂತ ಮಾವ, ಇಷ್ಟೇ. ಕಾರಿಗೆ ಎರಡು ಬ್ರೇಕುಗಳಿದ್ದವು. ಒಂದು ಕಲಿಯುವವನ ಕಾಲಿಗೆ, ಇನ್ನೊಂದು ಪಕ್ಕದಲ್ಲಿ ಕೂತ ಮಾವನ ಕಾಲಿಗೆ. ಮೊದಲನೆಯದು ಬರೀ ಅಲಂಕಾರಕ್ಕೆ ಇರುವುದು ಎಂದು ಊರವರು ಆಡಿಕೊಳ್ಳುತ್ತಿದ್ದರು.

ನಾನು ಅವನ ಶಿಷ್ಯನಾದದ್ದು ಪಿಯುಸಿ ಮುಗಿಸಿ ಮೀಸೆ ಚಿಗುರಿದ ಹೊಸತರಲ್ಲಿ. ಆ ವಯಸ್ಸಿನ ನಮ್ಮ ಗುಂಪಿನಲ್ಲಿ ಕೊಟ್ಟೂರಿನಿಂದ ಕೂಡ್ಲಿಗಿಗೆ ಯಾರು ಬೇಗ ಮುಟ್ಟಿದರು ಎಂಬುದರ ಮೇಲೆ ಗಂಡಸುತನ ತೀರ್ಮಾನವಾಗುತ್ತಿತ್ತು. ಬ್ರೇಕ್ ಹಾಕುವವನು ಹೇಡಿ, ಹಾರ್ನ್ ಹೊಡೆಯುವವನು ಧೀರ! ಸ್ವಂತ ಮಾವನದೇ ಕಾರು ಇರುವಾಗ ನಾನು ಆ ಗುಂಪಿಗೆ ರಾಜನಾಗುವುದು ಬರೀ ಒಂದು ವಾರದ ಮಾತು ಎಂದುಕೊಂಡಿದ್ದೆ.

ಮೊದಲ ದಿನ ಊರು ದಾಟಿ ಕೂಡ್ಲಿಗಿ ರಸ್ತೆಗೆ ಬಿದ್ದೆವು. ಸ್ಟಿಯರಿಂಗ್ ನನ್ನ ಕೈಯಲ್ಲಿ. ನನ್ನ ಎದೆ ಕಾರಿಗಿಂತ ಮುಂದೆ ಓಡುತ್ತಿತ್ತು.

"ಮುಂದ ಯಾರಲೇ?" ಎಂದ ಮಾವ.

"ಯಾರೋ ಮುದುಕ, ಮಾವಾ."

ಕಾರು ಗಕ್ಕನೆ ನಿಂತಿತು. ನನ್ನ ಮೂಗು ಸ್ಟಿಯರಿಂಗಿಗೆ ಮುಟ್ಟಿ ವಾಪಸ್ ಬಂತು. ಬ್ರೇಕ್ ಒತ್ತಿದ್ದು ಯಾರೆಂದು ಬೇರೆ ಹೇಳಬೇಕೆ?

"ಯಾರೋ ಮುದುಕ ಅಂದ್ರ? ನಿನಗೇನಾಗಬೇಕು ಆತ?"

"ನನಗೇನೂ ಆಗಬೇಕಿಲ್ಲ ಮಾವಾ. ನಾನು ಆತನ್ನ ನೋಡೇ ಇಲ್ಲ."

"ಏನೂ ಆಗಬೇಕಿಲ್ಲ ಅಂತಾನ ನೀ ಆತನ ಮ್ಯಾಲ ಹಾಯಿಸಾಕ ಹೊಂಟಿದ್ದಿ. ಅಜ್ಜ ಅನ್ನು."

"ಅಜ್ಜ."

"ಜೋರಾಗಿ ಅನ್ನು. ಎಂಜಿನ್ನಿಗೂ ಕೇಳಲಿ."

"ಅಜ್ಜಾ!"

"ಹಾಂ. ಇನ್ನ ಬಿಡು ಗಾಡಿ."

ಆ ಪುಣ್ಯಾತ್ಮ ಮುದುಕ ನನ್ನ ಕೂಗಿಗೆ ಬೆಚ್ಚಿ ರಸ್ತೆ ಬಿಟ್ಟು ಹೊಲಕ್ಕೇ ಇಳಿದುಬಿಟ್ಟ. ಹೀಗೆ ಶುರುವಾಯಿತು ನನ್ನ ವಿದ್ಯಾಭ್ಯಾಸ. ಗೇರಿಗಿಂತ ಮೊದಲು ಅಜ್ಜ, ಕ್ಲಚ್ಚಿಗಿಂತ ಮೊದಲು ಕಾಕಾ!

ಇದರ ಹಿಂದೆ ಮಾವನದೊಂದು ಸಿದ್ಧಾಂತವಿತ್ತು. ಮಿರ್ಚಿ ಕಡಿಯುತ್ತ ಅದನ್ನು ಎಲ್ಲರಿಗೂ ಹೇಳುತ್ತಿದ್ದ. "ನೋಡ್ರಿ, ನಮ್ಮ ಓಣಿಯೊಳಗ ಯಾವ ಹುಡುಗನೂ ಗಾಡಿ ಜೋರು ಹೊಡಿಯಂಗಿಲ್ಲ. ಯಾಕ? ಕಟ್ಟಿ ಮ್ಯಾಲ ಅಜ್ಜ ಕುಂತಾನ, ಬಾಗಲಾಗ ಚಿಗವ್ವ ನಿಂತಾಳ. ಅದಾ ಹುಡುಗ ಊರು ದಾಟಿದ ಕೂಡಲೇ ಹುಲಿ ಆಗತಾನ. ಯಾಕ? ಅಲ್ಲಿ ಎಲ್ಲಾರೂ 'ಯಾರೋ'. ಈ ಯಾರೋ ಅನ್ನಾತ ಅದಾನಲ್ಲ, ಅವ ಬಹಳ ಸಾಯ್ತಾನ್ರಿ ನಮ್ಮ ದೇಶದಾಗ. ಅದಕ್ಕ ನಾ ಓಣೀನ ಹಡಗಲಿ ತನಕ ಉದ್ದ ಮಾಡೀನಿ." ಕೇಳಿದವರು ನಗುತ್ತಿದ್ದರು. ಮಾವ ನಗುತ್ತಿರಲಿಲ್ಲ, ಇನ್ನೊಂದು ಮಿರ್ಚಿ ಎತ್ತಿಕೊಳ್ಳುತ್ತಿದ್ದ.

ಉದ್ದ ಮಾಡಿದ ಓಣಿಗೆ ತಕ್ಕ ನೆಂಟಸ್ತಿಕೆಗಳೂ ಇದ್ದವು. ಶಾಲೆ ಬಿಟ್ಟು ಬರುವ ಮಕ್ಕಳು ಅಳಿಯಂದಿರು, ಯಾವ ಕಡೆ ಜಿಗಿಯುತ್ತಾರೆಂದು ಅವರಿಗೇ ಗೊತ್ತಿರುವುದಿಲ್ಲ. ಎಮ್ಮೆ ಎಂದರೆ ಅತ್ತೆ. "ಹಾರ್ನ್ ಹೊಡದ್ರ ಹೋಗಂಗಿಲ್ಲ, ಕಾಯ್ದರ ಹೊಕ್ಕಾಳ." ಕುರಿ ಹಿಂಡು ಮದುವೆಯ ದಿಬ್ಬಣ. ದಿಬ್ಬಣದ ನಡುವೆ ಯಾರಾದರೂ ಗಾಡಿ ನುಗ್ಗಿಸುತ್ತಾರೆಯೇ? ಎಂಜಿನ್ ಬಂದ್ ಮಾಡಿ, ಕುರಿ ಕಾಯುವವರಿಗೆ ನಮಸ್ಕಾರ ಹೇಳಿ, ಕೊನೆಯ ಮರಿ ದಾಟುವವರೆಗೂ ಕೂರಬೇಕು. ಎರಡೂ ಪಕ್ಕಕ್ಕೆ ಉಬ್ಬಿಕೊಂಡು ಬರುವ ಹತ್ತಿಯ ಲಾರಿ ತುಂಬು ಬಸುರಿ, ಆಕೆಗೆ ದಾರಿ ಬಿಡುವುದು ಧರ್ಮ. ಖಾಕಿ ತೊಟ್ಟವರು ಬೀಗರು, ದೂರದಿಂದಲೇ ನಿಧಾನ ಮಾಡಿದರೆ ಮರ್ಯಾದೆ. ಈ ಪಟ್ಟಿಯಲ್ಲಿ ಎಲ್ಲರೂ ಇದ್ದರು, ಅಣ್ಣ ಮಾತ್ರ ಇರಲಿಲ್ಲ. ನಾವು ಯಾರನ್ನಾದರೂ ಅಣ್ಣ ಎಂದರೆ ಮಾವ ಮುಖ ಆಚೆ ತಿರುಗಿಸಿ, "ಕಾಕಾ ಅನ್ನು, ಸಾಕು" ಎಂದು ತಿದ್ದುತ್ತಿದ್ದ.

ಕಾರಿನಲ್ಲಿ ಒಬ್ಬ ಓಡಿಸುವಾಗ ಇನ್ನಿಬ್ಬರು ಮೂವರು ಹಿಂದೆ ಕೂತು ತಮ್ಮ ಪಾಳಿಗೆ ಕಾಯುತ್ತಿದ್ದೆವು. ಹಿಂದೆ ಕೂತವರು ತೂಕಡಿಸಬಾರದಲ್ಲ? ಅದಕ್ಕೂ ಒಂದು ರೂಲ್ ಬಂತು. ಗಾಡಿಯಲ್ಲಿ ಕೂತವರೆಲ್ಲ ಮುಂದಿನವರು ತಮಗೇನಾಗಬೇಕೆಂದು ಹೇಳಬೇಕು. ಒಬ್ಬ ಬಾಯಿ ಬಿಡದಿದ್ದರೂ ಗಾಡಿ ಒಂದು ಗೇಣು ಮುಂದೆ ಹೋಗುವಂತಿಲ್ಲ. ನಮ್ಮ ಕಾರು ಸಂತೆಯ ದಿನ ಹಗರಿಬೊಮ್ಮನಹಳ್ಳಿಯನ್ನು ದಾಟುವುದರೊಳಗೆ ಒಂದು ಇಡೀ ಊರಿನ ಬಂಧುಬಳಗವನ್ನು ಕೂಗಿ ಮುಗಿಸಿರುತ್ತಿತ್ತು. ಕೆಲವರು ನಮ್ಮನ್ನು ಎಲೆಕ್ಷನ್ ಪ್ರಚಾರದವರೆಂದು ತಿಳಿದು ಕೈ ಮುಗಿದದ್ದೂ ಉಂಟು!

ನಮ್ಮ ಜೊತೆಗೆ ಒಬ್ಬ ಕಾಲೇಜು ಹುಡುಗ ಕಲಿಯಲು ಬರುತ್ತಿದ್ದ. ಹುಡುಗಿಯರು ಎದುರಾದಾಗಲೆಲ್ಲ ಅವನ ಬಾಯಲ್ಲಿ ಒಂದೇ ನೆಂಟಸ್ತಿಕೆ. "ಅತ್ತಿ ಮಗಳು!" ಅದನ್ನೂ ಎಷ್ಟು ರಾಗವಾಗಿ ಎನ್ನುತ್ತೀರಿ! ಮಾವನಿಗೆ ರೇಗಿತು. "ಲೇ, ದಾರ್ಯಾಗಿನ ಹುಡಿಗೇರೆಲ್ಲ ಅತ್ತಿ ಮಕ್ಕಳಾದ್ರ ರಸ್ತಿ ಯಾರು ನೋಡಬೇಕು? ಇವತ್ತಿಂದ ಎಲ್ಲಾರೂ ತಂಗಿ." ಹುಡುಗ ಮುಖ ಸಣ್ಣದು ಮಾಡಿಕೊಂಡು ಒಪ್ಪಿದ. ಎಲ್ಲರನ್ನೂ ತಂಗಿ ಎಂದ, ಒಬ್ಬಳನ್ನು ಬಿಟ್ಟು. ಆಕೆ ಎದುರಿಗೆ ಬಂದ ಕೂಡಲೇ ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿ ಆಕಾಶ ನೋಡುತ್ತ ಕೂರುತ್ತಿದ್ದ. ಹೇಳದೆ ಗಾಡಿ ಬಿಡುವಂತಿಲ್ಲ, ತಂಗಿ ಎನ್ನಲು ನಾಲಿಗೆ ಹೊರಳದು, ಪಾಪ! ಕೆಲವು ದಿನ ನೋಡಿದ ಮಾವ ಒಮ್ಮೆ ಕೇಳಿದ. "ಏನಲೇ, ಇದು ಡ್ರೈವಿಂಗ್ ಸ್ಕೂಲೋ, ಕನ್ಯಾ ನೋಡೋ ಶಾಸ್ತ್ರಾನೋ?" ಕೆಲವೇ ತಿಂಗಳಲ್ಲಿ ಆಕೆಯನ್ನೇ ಅವನು ಮದುವೆಯಾದ. ಮದುವೆಯಲ್ಲಿ ಮಾವ ಎಲ್ಲರಿಗೂ ಕೇಳುವಂತೆ ಹೇಳಿದ, "ಬಾಯಿ ಸುಮ್ಮನಿದ್ದರ ಒಳಗ ಏನೋ ಐತಿ ಅಂತ ತಿಳೀಬೇಕ್ರಿ." ಆ ಮಾತು ತನಗೂ ಹೊಂದುತ್ತದೆಂದು ಅವನಿಗೆ ಆಗ ಹೊಳೆದಿರಲಿಲ್ಲ.

ಲೈಸೆನ್ಸ್ ಪರೀಕ್ಷೆಗೆ ಹೊಸಪೇಟೆಗೆ ಹೋಗಬೇಕಾಗುತ್ತಿತ್ತು. ಹಡಗಲಿ ಕಡೆಯ ಹುಡುಗನೊಬ್ಬ ಬ್ರೇಕ್ ಇನ್‌ಸ್ಪೆಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ಅಭ್ಯಾಸ ಎಲ್ಲಿಗೆ ಹೋಗುತ್ತದೆ? "ಎಡಕ್ಕ ಕಾಕಾ, ಸೈಕಲ್ ಮ್ಯಾಲ ಅದಾನ. ಬಲಕ್ಕ ಅಳಿಯ. ಮುಂದ ಅತ್ತಿ ಅಡ್ಡ ಮಲಗ್ಯಾಳ, ನಿಂದರಬೇಕು."

ಇನ್‌ಸ್ಪೆಕ್ಟರ್ ಗಾಬರಿಯಾಗಿ ಬಾಗಿಲು ತೆರೆದೇಬಿಟ್ಟರು. "ಎಲ್ಲಿ? ಯಾರು ಮಲಗಿರೋದು?"

ಎಮ್ಮೆ ಒಮ್ಮೆ ಕಿವಿ ಅಲ್ಲಾಡಿಸಿತು. ಇನ್‌ಸ್ಪೆಕ್ಟರ್ ಬಾಗಿಲು ಹಾಕಿಕೊಂಡು ಸುಧಾರಿಸಿಕೊಂಡರು. "ಹಾಗಾದರೆ ನಾನು ಯಾರಪ್ಪಾ?"

"ನೀವು ಬೀಗರ್ರಿ, ಸರ."

ಹುಡುಗ ಪಾಸಾದ. ಮುಂದೊಮ್ಮೆ ಆ ಇನ್‌ಸ್ಪೆಕ್ಟರರ ಜೀಪು ನಮ್ಮೂರ ಹತ್ತಿರ ಒಂದು ಎಮ್ಮೆಯ ಮುಂದೆ ಹಾರ್ನ್ ಮಾಡದೆ ಬಹಳ ಹೊತ್ತು ಕಾದು ನಿಂತಿದ್ದನ್ನು ಕಂಡವರಿದ್ದಾರೆ.

ಇಷ್ಟೆಲ್ಲ ನಗುತ್ತಿದ್ದರೂ ನನಗೆ ಒಳಗೊಳಗೇ ನಾಚಿಕೆಯಿತ್ತು. ಗೆಳೆಯರು ಬೈಕಿನಲ್ಲಿ ನಮ್ಮ ಕಾರಿನ ಪಕ್ಕಕ್ಕೆ ಬಂದು, "ಏನಲೇ, ಅಜ್ಜಾರು ಆರಾಮ ಅದಾರೇನು?" ಎಂದು ಕಿಚಾಯಿಸುತ್ತಿದ್ದರು. ಒಂದು ದಿನ ಕೋಗಳಿ ರಸ್ತೆಯಲ್ಲಿ ಹೀಗೇ ಕೂಗಿ ಮುಂದೆ ಹೋದರು. ನನ್ನ ರಕ್ತ ಕುದಿಯಿತು. ಆಕ್ಸಿಲರೇಟರ್ ಒತ್ತಿದೆ. ರಸ್ತೆಯ ಅಂಚಿನಲ್ಲಿ ಒಬ್ಬ ಮುದುಕಿ ಆಡು ಮೇಯಿಸುತ್ತ ನಿಂತಿದ್ದಳು. ಮನಸ್ಸಿಲ್ಲದಿದ್ದರೂ ಬಾಯಿ ತಾನಾಗಿ "ಅಜ್ಜಿ" ಎಂದಿತು. ಅಷ್ಟರಲ್ಲಿ ಆಡಿನ ಮರಿಯೊಂದು ಚಂಗನೆ ರಸ್ತೆಗೆ ಹಾರಿತು, ಅದರ ಹಿಂದೆ ಅಜ್ಜಿಯೂ ಓಡಿ ಬಂದಳು!

ಕಾರು ಅಜ್ಜಿಯ ಸೀರೆಯ ಅಂಚಿಗೆ ಗಾಳಿ ಬೀಸಿ ನಿಂತಿತು.

ಆಕೆ ಮರಿಯನ್ನು ಕಂಕುಳಲ್ಲಿ ಇರುಕಿಕೊಂಡು ನನ್ನ ಕಿಟಕಿಗೆ ಬಂದಳು. "ಕಣ್ಣು ಕಾಣಂಗಿಲ್ಲೇನಲೇ ನಿನಗ?"

"ಕಾಣತಾವು ಅಜ್ಜಿ, ಅದಕ್ಕ ನಿಂತೀನಿ" ಎಂದೆ.

ಅಜ್ಜಿ ಎಂದದ್ದಕ್ಕೋ ಏನೋ, ಆಕೆಯ ಸಿಟ್ಟು ಅರ್ಧ ಇಳಿಯಿತು. "ಯಾರ ಮಗನಪ್ಪಾ ನೀನು?" ಎಂದು ಶುರು ಮಾಡಿದಳು. ಯಾವ ಊರು, ಯಾವ ಮನೆತನ, ಅಜ್ಜನ ಹೆಸರೇನು ಎಂದು ಎಳೆದೆಳೆದು ಕೊನೆಗೆ ನಮ್ಮ ಅಪ್ಪನ ಕಡೆಯಿಂದ ಆಕೆ ನಿಜವಾಗಿಯೂ ನನಗೆ ಅಜ್ಜಿಯೇ ಆಗಬೇಕು ಎಂದು ಸಾಬೀತು ಮಾಡಿದಳು. ಆಮೇಲೆ ನಿಶ್ಚಿಂತೆಯಿಂದ ಮತ್ತೊಮ್ಮೆ ಬೈದಳು. ನೆಂಟರನ್ನು ಬೈಯುವ ಸುಖವೇ ಬೇರೆಯಲ್ಲವೇ?

ವಾಪಸ್ ಬರುವಾಗ ನಾನು ಎರಡನೇ ಗೇರು ದಾಟಲಿಲ್ಲ. "ಮಾವಾ, ನೀ ಬ್ರೇಕ್ ಹಾಕಲಿಲ್ಲಂದ್ರ ಆಕಿ ಸತ್ತ ಹೋಗತಿದ್ದಳು" ಎಂದೆ.

ಮಾವ ತನ್ನ ಕಾಲು ತೋರಿಸಿದ. ಎರಡನ್ನೂ ಸೀಟಿನ ಮೇಲೆ ಮಡಚಿ ಚಕ್ಕಳಬಕ್ಕಳ ಹಾಕಿಕೊಂಡು ಕೂತಿದ್ದ! "ನನ್ನ ಕಾಲು ಇಲ್ಲೇ ಅದಾವು. ಹಾಕಿದ್ದು ನಿನ್ನ ಕಾಲು. ನಮ್ಮವರು ಅಂತ ಒಂದು ಸಲ ಅಂದ ಮ್ಯಾಲ ಕಾಲು ಯಾರನ್ನೂ ಕೇಳಂಗಿಲ್ಲ, ತಾನ ಬ್ರೇಕಿಗೆ ಹೊಕ್ಕೈತಿ." ಅಂದಿನಿಂದ ನನಗೆ ನಾಚಿಕೆ ಹೋಯಿತು. ಬೈಕಿನ ಗೆಳೆಯರನ್ನೂ ಒಬ್ಬೊಬ್ಬರನ್ನಾಗಿ ಹಿಡಿದು ತಂದು ಆ ಹಿಂದಿನ ಸೀಟಿನಲ್ಲಿ ಕೂರಿಸಿದೆ. ಬಂದ ಒಂದು ವಾರದಲ್ಲಿ ಅವರೂ ಎಮ್ಮೆಗೆ ಅತ್ತೀ ಎನ್ನತೊಡಗಿದರು.

ಈಗ ಬಿಟ್ಟುಹೋದ ಆ ಒಬ್ಬ ನೆಂಟನ ವಿಷಯ.

ಮಾವನಿಗೆ ಒಬ್ಬ ಖಾಸಾ ಅಣ್ಣನಿದ್ದ, ನಮ್ಮ ದೊಡ್ಡ ಮಾವ. ಹರಪನಹಳ್ಳಿ ರಸ್ತೆಗೆ ಹೊಂದಿಕೊಂಡು ಅವನ ಹೊಲ. ನಮ್ಮ ಕಡೆ ಹುರುಳಿ ಕಿತ್ತ ಮೇಲೆ ಅದನ್ನು ಡಾಂಬರು ರಸ್ತೆಯ ಮೇಲೆ ಹರವುವುದು ಇಂದಿಗೂ ಉಂಟು. ಬಸ್ಸು ಲಾರಿಗಳು ಅದರ ಮೇಲೆ ಓಡಾಡಿ ಪುಕ್ಕಟೆ ಒಕ್ಕಣೆ ಮಾಡಿಕೊಡುತ್ತವೆ. ಸರ್ಕಾರದ ರಸ್ತೆ, ಯಾರದೋ ಗಾಲಿ, ನಮ್ಮ ಹುರುಳಿ! ಆದರೆ ಆ ಬಳ್ಳಿಯ ಮೇಲೆ ಬ್ರೇಕ್ ಹಾಕಿದರೆ ಗಾಡಿ ಎಣ್ಣೆಯ ಮೇಲೆ ಜಾರಿದಂತೆ ಜಾರುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ ಮಾವನ ಕಾರು ಹಾಗೆ ಜಾರಿತು, ಅದೂ ದೊಡ್ಡ ಮಾವ ಹರವಿದ ಹುರುಳಿಯ ಮೇಲೆಯೇ. ಒಳಗಿದ್ದ ಹುಡುಗರಿಗೆ ಏನೂ ಆಗಲಿಲ್ಲ. ಕಾರು ಮಾತ್ರ ಗಿರ್ರನೆ ತಿರುಗಿ, ಮುಖವನ್ನು ಕೊಟ್ಟೂರಿನ ಕಡೆಗೆ ಮಾಡಿ ತಗ್ಗಿನಲ್ಲಿ ಕೂತಿತು.

"ರಸ್ತಿ ಏನು ನಿಮ್ಮಪ್ಪಂದೇನು?" ಎಂದು ತಮ್ಮ ಕೂಗಿದ.

"ಹಂಗಾರ ನಿಮ್ಮಪ್ಪಂದೇನು?" ಎಂದು ಅಣ್ಣ ಕೂಗಿದ.

ಇಬ್ಬರ ಅಪ್ಪನೂ ಒಬ್ಬನೇ ಎನ್ನುವುದು ಆ ಸಿಟ್ಟಿನಲ್ಲಿ ಇಬ್ಬರಿಗೂ ನೆನಪಾಗಲಿಲ್ಲ. ಮಾವ ನೆಟ್ಟಗೆ ಠಾಣೆಗೆ ಹೋಗಿ ಪೊಲೀಸರನ್ನು ಕರೆತಂದ. ಹಾದುಹೋಗುವ ಬಸ್ಸುಗಳ ಜನವೆಲ್ಲ ಕಿಟಕಿಯಲ್ಲಿ ಇಣುಕಿ ನೋಡುತ್ತಿರುವಾಗ ದೊಡ್ಡ ಮಾವ ತಲೆ ತಗ್ಗಿಸಿ ಹುರುಳಿ ಎತ್ತಿದ. ಅಂದಿಗೆ ಮಾತು ನಿಂತಿತು. ನಮ್ಮ ಮನೆಗೆ ಯುಗಾದಿಗೆ ಒಬ್ಬ ಬೆಳಿಗ್ಗೆ ಬಂದರೆ ಇನ್ನೊಬ್ಬ ಸಂಜೆ. ಅವ್ವ ಒಂದೇ ಹಬ್ಬಕ್ಕೆ ಎರಡು ಸಲ ಹೋಳಿಗೆ ಬಿಸಿ ಮಾಡುತ್ತಿದ್ದಳು, ಎರಡು ಸಲವೂ ಒಲೆಯ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಮಾವನ ಕಾರು ಕೂಡ್ಲಿಗಿ, ಕೋಗಳಿ, ಹಂಪಸಾಗರ, ಹಡಗಲಿ ಎಲ್ಲ ಸುತ್ತುತ್ತಿತ್ತು. ಹರಪನಹಳ್ಳಿ ರಸ್ತೆಯನ್ನು ಮಾತ್ರ ಮತ್ತೆ ತುಳಿಯಲಿಲ್ಲ.

ಇದನ್ನು ಮುರಿದವಳು ಅವ್ವ. ಸಂಕ್ರಾಂತಿಗೆ ಮುಂಚೆ ಒಂದು ದಿನ ತಮ್ಮನಿಗೆ ಹೇಳಿದಳು. "ಹರಪನಳ್ಳಿ ಕಡೆ ಬಾಗಳಿ ಕಲ್ಲೇಶ್ವರಗ ಒಂದು ಹರಕಿ ಐತಿ. ಸೋಮವಾರ ಕಾರು ತಗೊಂಡು ಬಾ. ಹುಡುಗ ಹೊಡೀಲಿ, ಕೈ ಕೂಡತೈತಿ."

"ಬಸ್ಸಿಗೆ ಹೋಗಕ್ಕಾ. ಹರಪನಳ್ಳಿಗೆ ಬೇಕಾದಷ್ಟು ಬಸ್ ಅದಾವು."

"ಬಸ್ಸಿನ್ಯಾಗ ನನಗ ವಾಂತಿ ಬರತೈತಿ."

"ಮೊನ್ನೆ ಹೊಸಪೇಟಿಗೆ ಬಸ್ಸಿನ್ಯಾಗ ಹೋಗಿ ಬಂದಿ. ಆವಾಗ?"

"ಆ ರಸ್ತಿ ಬ್ಯಾರೆ, ಈ ರಸ್ತಿ ಬ್ಯಾರೆ!" ಎಂದಳು ಅವ್ವ.

ಸೋಮವಾರ ಹೊರಟೆವು. ನಾನು ಸ್ಟಿಯರಿಂಗಿನಲ್ಲಿ, ಮಾವ ಪಕ್ಕದಲ್ಲಿ, ಅವ್ವ ಹಿಂದೆ ಕಾಯಿ ಕರ್ಪೂರದ ಬುಟ್ಟಿಯೊಡನೆ. ದಾರಿಯುದ್ದಕ್ಕೂ ಅವರಿವರು ಹರವಿದ ಹುರುಳಿ. ನಾನು ಬ್ರೇಕ್ ಮುಟ್ಟದೆ, ಗೇರ್ ಇಳಿಸಿ, ಇರುವೆಯ ಹಾಗೆ ದಾಟಿಸುತ್ತಿದ್ದೆ. ದೊಡ್ಡ ಮಾವನ ಹೊಲ ಹತ್ತಿರ ಬಂದಂತೆ ಮಾವ ಕಿಟಕಿಯ ಕಡೆ ಕತ್ತು ಉದ್ದ ಮಾಡಿದ. ಅಲ್ಲಿ ರಸ್ತೆ ಗುಡಿಸಿದ ಅಂಗಳದ ಹಾಗಿತ್ತು, ಒಂದು ಕಡ್ಡಿಯೂ ಇಲ್ಲ. ಹೊಲದ ಒಳಗೆ ಸಗಣಿ ಸಾರಿಸಿದ ಕಣದಲ್ಲಿ ಎತ್ತುಗಳು ಹುರುಳಿ ತುಳಿಯುತ್ತ ಸುತ್ತುತ್ತಿದ್ದವು.

"ಕಣ ಮಾಡ್ಯಾನ" ಎಂದ ಮಾವ, ತನಗೆ ತಾನೇ.

"ಆ ವರ್ಷದಿಂದಾನ ಮಾಡ್ಯಾನ" ಎಂದಳು ಅವ್ವ. "'ತಮ್ಮ ಹೇಳಿದ್ದು ಖರೇನ ಐತಿ, ಪೊಲೀಸರನ್ನ ಕರಕೊಂಡು ಬಂದದ್ದು ತಪ್ಪು' ಅಂತಾನ."

"ಮತ್ತ ನನಗ ಯಾಕ ಹೇಳಲಿಲ್ಲ ನೀನು?"

"ನೀ ಯಾವಾಗ ಕೇಳಿದ್ದಿ? ಆತನ ಹೆಸರು ತಗದ್ರ ಎದ್ದು ಹೊಕ್ಕಿದ್ದಿ."

ತಿರುವು ದಾಟಿದೆವು. ರಸ್ತೆಯ ನಟ್ಟನಡುವೆ, ತಲೆಯ ಮೇಲೆ ಹೊಟ್ಟಿನ ದೊಡ್ಡ ಹೊರೆ ಹೊತ್ತು ಒಬ್ಬ ನಮಗೆ ಬೆನ್ನು ಮಾಡಿ ನಡೆಯುತ್ತಿದ್ದ. ಕಾರು ಗಕ್ಕನೆ ನಿಂತು ಎಂಜಿನ್ ಬಂದ್ ಆಯಿತು.

ಮುಂದ ಯಾರಲೇ ಎಂದು ಮಾವ ಕೇಳಲಿಲ್ಲ. ಅವ್ವ ಕೇಳಿದಳು. "ಮುಂದ ಹೊಂಟಾತ ನಿನಗೇನಾಗಬೇಕಲೇ?"

"ದೊಡ್ಡ ಮಾವ" ಎಂದೆ.

"ನನಗ ಅಣ್ಣ" ಎಂದಳು ಅವ್ವ.

ಇನ್ನು ಉಳಿದದ್ದು ಮಾವನ ಪಾಳಿ. ಹಿಂದೆ ಒಂದು ಬಸ್ಸು ಬಂದು ನಿಂತಿತು.

"ಗಾಡಿ ಚಾಲೂ ಮಾಡಲೇ" ಎಂದ ಮಾವ, ಎತ್ತಲೋ ನೋಡುತ್ತ.

"ಬರಂಗಿಲ್ಲ ಮಾವಾ. ಕುಂತಾವರೆಲ್ಲ ಹೇಳಿದ ಮ್ಯಾಲಾನ ಗಾಡಿ ಬಿಡಬೇಕು. ರೂಲ್ ನೀನ ಮಾಡಿದ್ದು."

"ನಾ ಮಾಸ್ತರ ಅದೀನಿ. ನನಗ ರೂಲ್ ಇಲ್ಲ."

"ಹಂಗಾರ ಬ್ರೇಕ್ ಮ್ಯಾಲಿಂದ ಕಾಲು ತಗಿ."

ಮಾವ ಕೆಳಗೆ ನೋಡಿಕೊಂಡ. ನನ್ನ ಕಾಲು ಇನ್ನೂ ಬ್ರೇಕನ್ನು ಮುಟ್ಟಿರಲೇ ಇಲ್ಲ. ಅವನ ಕಾಲು ತನ್ನ ಬ್ರೇಕನ್ನು ತಳಮುಟ್ಟ ಒತ್ತಿ ಹಿಡಿದಿತ್ತು, ಹೆಬ್ಬೆರಳು ಬಿಳುಚಿಕೊಳ್ಳುವಷ್ಟು. ಅವನು ಆ ಕಾಲನ್ನೇ ಸ್ವಲ್ಪ ಹೊತ್ತು ನೋಡುತ್ತ ಕೂತ. ಆಮೇಲೆ ಕಿಟಕಿಯ ಗಾಜು ಇಳಿಸಿದ.

"ಅಣ್ಣಾ..." ಎಂದ. ಕತ್ತು ಹೊರಗೆ ಚಾಚಿ ಮತ್ತೊಮ್ಮೆ ಕೂಗಿದ. "ಅಣ್ಣಾ, ಎಡಕ್ಕ ಬಾ. ಹಿಂದ ಬಸ್ ಐತಿ."

ದೊಡ್ಡ ಮಾವ ಹೊರೆಯ ಸಮೇತ ಇಡೀ ಮೈ ತಿರುಗಿಸಿದ. ಹೊಟ್ಟು ಅವನ ಕಣ್ಣಿಗೆ ಇಳಿಬಿದ್ದಿತ್ತು. "ಯಾರದು?"

ಮಾವ ಇಳಿದು ಅವನೆದುರಿಗೆ ಹೋಗಿ ನಿಂತ. "ನಾನಣ್ಣಾ. ನಿನ್ನ ತಮ್ಮ."

ದೊಡ್ಡ ಮಾವ ಅವನನ್ನು ನೋಡಿದ, ಕಾರನ್ನು ನೋಡಿದ, ಹಿಂದಿನ ಬಸ್ಸಿನವರೆಗೂ ಕಣ್ಣು ಹಾಯಿಸಿದ. "ಪೊಲೀಸರು ಎಲ್ಲಿ ಅದಾರ?" ಎಂದ.

ಅವ್ವ ನಗುತ್ತಲೇ ಅಳತೊಡಗಿದಳು. ಮಾವ ನಗಲೂ ಇಲ್ಲ, ಅಳಲೂ ಇಲ್ಲ. ಅಣ್ಣನ ತಲೆಯ ಹೊರೆಯನ್ನು ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡ. ಬಸ್ಸಿನವನು ಹಾರ್ನ್ ಹೊಡೆಯುತ್ತಾನೆಂದು ನಾನು ಹೆದರಿದ್ದೆ. ಅವನು ತಲೆ ಹೊರಗೆ ಹಾಕಿ, "ಅವಸರಿಲ್ಲ ಮಾಸ್ತರ್ರ. ದೊಡ್ಡಪ್ಪಾರು ನಿಧಾನಕ್ಕ ಹತ್ತಲಿ" ಎಂದ. ಅವನೂ ಸ್ಟಿಯರಿಂಗ್ ಹಿಡಿಯುವುದನ್ನು ಮಾವನ ಹತ್ತಿರವೇ ಕಲಿತವನಂತೆ.

ಹೊರೆಯನ್ನು ಹೊಲದ ಬದುವಿಗೆ ಇಳಿಸಿ, ದೊಡ್ಡ ಮಾವನನ್ನು ಅವ್ವನ ಪಕ್ಕ ಕೂರಿಸಿಕೊಂಡು ಬಾಗಳಿಗೆ ಹೊರಟೆವು. ಕನ್ನಡಿಯಲ್ಲಿ ನೋಡಿದೆ. ದೊಡ್ಡ ಮಾವ ಮುಂದೆ ಬಾಗಿ ತಮ್ಮನ ಅಂಗಿಗೆ ಅಂಟಿದ್ದ ಹುರುಳಿ ಹೊಟ್ಟನ್ನು ಒಂದೊಂದಾಗಿ ಆರಿಸಿ ತೆಗೆಯುತ್ತಿದ್ದ.

"ಅವ್ವಾ, ನಿನ್ನ ಹರಕಿ ಏನಂತ ಹೇಳಲೇ ಇಲ್ಲಲ್ಲ?" ಎಂದೆ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮುಂದ ನೋಡಿ ಹೊಡಿಯಪ್ಪಾ" ಎಂದಳು. "ಮುಂದ ನಮ್ಮವರು ಹೊಂಟಾರ."